ಖಾಲಿ ಜಾಗಕ್ಕೆ ಗೀಟು ಎಳೆಯುತ್ತಿದ್ದ ಮುನ್ಶಿಯವರು

ನನ್ನ ಮೊಮ್ಮಗಳ ಹೆಸರು ಸಿನಿಮಾದ ಪರದೆಯ ಮೇಲೆ ಬರುತ್ತದೆ. ಕಥೆ, ಚಿತ್ರಕಥೆ, ಸಂಭಾಷಣೆ, ಮೂರಕ್ಕೂ ನಮ್ಮ ಭಾಗ್ಯಾಳದೇ ಹೆಸರು. ಇವತ್ತು ಬೆಳಗ್ಗೆ ಬೆಂಗಳೂರಿನ ಬರಹಗಾರರ ಸಂಘದಿಂದ ಅವಳ ಫೋನಿಗೆ ಪತ್ರ ಬಂತು. ಅವಳು ಓದಿದಳು. ಮತ್ತೊಮ್ಮೆ ಓದು ಎಂದೆ, ಓದಿದಳು. ಮೂರನೇ ಸಲ ಓದಿಸಿ, ಕೆಳಗೆ ಸಹಿ ಇದೆಯೇ, ತಾರೀಖು ಇದೆಯೇ, ಕೊನೆಯ ಸಾಲಿಗೂ ಸಹಿಗೂ ನಡುವೆ ಖಾಲಿ ಜಾಗ ಬಿಟ್ಟಿದ್ದಾರೆಯೇ ಎಂದು ಕೇಳಿದೆ.

"ಮುತ್ಯಾ, ನೀ ಥೇಟ್ ಮುನ್ಶಿಯವರಂಗ ಮಾಡ್ಲಿಕತ್ತಿ" ಎಂದಳು.

ಹೌದು, ಮಾಡುತ್ತಿದ್ದೇನೆ. ನನಗೆ ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ. ವಾಡಿ ಸ್ಟೇಷನ್ನಿನ ತನಕ ನಡೆದು ಹೋಗಿ ಚಹಾದವನಿಗೆ ಹೇಳಿದೆ, ಗುರುತಿಲ್ಲದ ಪ್ರಯಾಣಿಕರಿಗೂ ಹೇಳಿದೆ, ಕೊನೆಗೆ ನಿಂತ ಗೂಡ್ಸ್ ಗಾಡಿಯ ಗಾರ್ಡನಿಗೂ ಹೇಳಿ ಬಂದೆ. ಆದರೂ ಒಳಗೆ ಒಂದು ಮೂಲೆಯಲ್ಲಿ ಇನ್ನೂ ಅನುಮಾನ ಕುಳಿತಿದೆ. ಆ ಅನುಮಾನ ನನಗೆ ಹುಟ್ಟಿನಿಂದ ಬಂದದ್ದಲ್ಲ, ಒಬ್ಬ ಮನುಷ್ಯನಿಂದ ಹತ್ತಿಕೊಂಡದ್ದು. ಅವರು ಹೋಗಿ ವರ್ಷವಾಗುತ್ತ ಬಂತು. ಈ ಸುದ್ದಿಯನ್ನು ಮೊದಲು ಅವರಿಗೆ ಹೇಳಬೇಕಿತ್ತು. ಹೇಳಿದ್ದರೆ ಅವರು ನಂಬುತ್ತಿರಲಿಲ್ಲ, ಅದು ಬೇರೆ ಮಾತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಾನು ಪೂರ್ತಿ ಓದಿ ಸಹಿ ಮಾಡದ ಕಾಗದದ ಮೇಲೆ ತನ್ನ ಹೆಸರು ಇರಬಾರದು ಎನ್ನುತ್ತಿದ್ದ ಮನುಷ್ಯ. ಇದನ್ನು ಓದಿ ಸಹಿ ಮಾಡಲು ಈಗ ಅವರಿಲ್ಲ. ಚಿತ್ತಾಪುರದಲ್ಲಿ ಎಲ್ಲರೂ ಕರೆದಂತೆ ಮುನ್ಶಿಯವರು ಎಂದೇ ಬರೆಯುತ್ತೇನೆ. ಮುನ್ಶಿ ಎಂದರೆ ನಮ್ಮ ಕಡೆ ಅರ್ಜಿ, ಬಾಂಡು, ಆಸ್ತಿ ಪಾಲು ಮಾಡುವ ವಾಟಣಿ ಪತ್ರ ಬರೆದುಕೊಡುವವರು. ಕೋರ್ಟಿನ ಎದುರು ತಗಡಿನ ಚಪ್ಪರದ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಒಂದು ಹಳೆಯ ಕಂಪ್ಯೂಟರ್. ಆ ಕಂಪ್ಯೂಟರಿನ ಮುಂದೆ ಮೂರು ವರ್ಷ ಕುಳಿತು ಟೈಪ್ ಮಾಡಿದವಳು ನಮ್ಮ ಭಾಗ್ಯಾ. ಡಿಗ್ರಿ ಮುಗಿಸಿ ದಿನಾ ವಾಡಿಯಿಂದ ಪ್ಯಾಸೆಂಜರ್ ರೈಲಿಗೆ ಹೋಗಿ ಬರುತ್ತಿದ್ದಳು.

ಸಣ್ಣ ಮೈಕಟ್ಟಿನ ಮನುಷ್ಯ. ಅಂಗಿಯ ಜೇಬಿನಲ್ಲಿ ಒಂದು ಪೆನ್ನು ಎಲ್ಲರಿಗೂ ಕಾಣುವಂತೆ ಇರುತ್ತಿತ್ತು. ಅದು ಬರೆಯುತ್ತಿರಲಿಲ್ಲ. ಯಾರಾದರೂ "ಮುನ್ಶಿಯವರ, ಪೆನ್ ಕೊಡ್ರಿ" ಎಂದರೆ ಅದನ್ನೇ ಕೊಡುತ್ತಿದ್ದರು. ಕೇಳಿದವರು ಎರಡು ಸಲ ಗೀಚಿ, ಝಾಡಿಸಿ, ವಾಪಸು ಕೊಟ್ಟು ಹೋಗುತ್ತಿದ್ದರು. ಬರೆಯುವ ಪೆನ್ನು ಒಳಗೆ ಬನಿಯನ್ನಿನ ಜೇಬಿನಲ್ಲಿ. ರೈಲಿನಲ್ಲಿ ಸಿಕ್ಕವರು ಎಲ್ಲಿಗೆ ಹೊರಟಿರಿ ಎಂದರೆ "ಮುಂದ" ಎನ್ನುತ್ತಿದ್ದರು. ಚಹಾ ಬಂದರೆ ಮೊದಲು ಕಪ್ಪಿನ ಕೆಳಗಿನ ಬಸಿ ಎತ್ತಿ ಕೆಳಗೆ ನೋಡುತ್ತಿದ್ದರು, ಏನು ಸಿಗುತ್ತದೆ ಎಂದು ನೋಡುತ್ತಿದ್ದರೋ ದೇವರಿಗೇ ಗೊತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅವರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಬರೆದ ಹಾಳೆಯಲ್ಲಿ ಕೆಳಗೆ ನಾಲ್ಕು ಬೆರಳು ಬಿಳಿ ಉಳಿದರೆ ಅದರ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದೇ ಬಿಡುತ್ತಿದ್ದರು, ಆಮೇಲೆ ಯಾರೂ ಅಲ್ಲಿ ಏನೂ ಸೇರಿಸಬಾರದು ಎಂದು. ಒಮ್ಮೆ ಒಬ್ಬರು ಮಗನ ಲಗ್ನಪತ್ರಿಕೆ ಕೊಡಲು ಬಂದಿದ್ದರಂತೆ. ಮುನ್ಶಿಯವರು ಅದನ್ನು ಮೇಲಿಂದ ಕೆಳತನಕ ಓದಿ, ಕೊನೆಯ ಸಾಲಿನ ಕೆಳಗೆ ಗೀಟು ಎಳೆದು, "ಈಗ ಸರಿ ಆತು, ಇನ್ನ ಬ್ಯಾರೆ ವರನ ಹೆಸರು ಸೇರಿಸಲಿಕ್ಕೆ ಬರಲ್ಲ" ಎಂದರಂತೆ. ಆ ಮನುಷ್ಯ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಹೋದನೆಂದು ಭಾಗ್ಯಾ ಮನೆಗೆ ಬಂದು ಹೇಳಿದಳು.

ಇನ್ನೊಂದು ಪದ್ಧತಿ ಇತ್ತು, ಅದು ಹಳೆಯ ಮುನ್ಶಿಗಳೆಲ್ಲ ಮಾಡುತ್ತಿದ್ದದ್ದು. ಪ್ರತಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಈ ಪುಟದಲ್ಲಿ ಇಷ್ಟು ಸಾಲು ಇವೆ, ಇಷ್ಟು ಹೊಡೆದು ಹಾಕಿದ್ದು, ಇಷ್ಟು ತಿದ್ದಿದ್ದು ಎಂದು ಬರೆದು ಸಹಿ ಮಾಡುವುದು. ಅವರ ಕೈಬರಹವೋ, ಇರುವೆಗಳು ಮದುವೆಗೆ ಹೊರಟಂತೆ. ಅದನ್ನು ಓದಬಲ್ಲವರು ಇಬ್ಬರೇ, ಅವರು ಮತ್ತು ನಮ್ಮ ಭಾಗ್ಯಾ. ನಾನು ನಾಲ್ಕನೇ ಇಯತ್ತೆಯ ತನಕ ಸಾಲೆ ಕಲಿತವನು. ಅಚ್ಚಿನ ಅಕ್ಷರವನ್ನೇ ಬೆರಳಿಟ್ಟು ಓದುವವನು. ನನಗೆ ಆ ಇರುವೆ ಸಾಲು ಏನು ತಿಳಿಯಬೇಕು?

ಇಷ್ಟೊಂದು ಸಂಶಯ ಅವರಿಗೆ ಯಾಕೆ ಬಂತು ಎಂಬುದಕ್ಕೆ ಒಂದು ಕಥೆ ಇತ್ತು. ಭಾಗ್ಯಾ ಅದನ್ನು ತುಂಡು ತುಂಡಾಗಿ ಅವರ ಬಾಯಿಂದ ಹೊರಡಿಸಿದ್ದಳು.

ಅವರು ಇನ್ನೂ ಪ್ರಾಯದಲ್ಲಿದ್ದಾಗ ಚಿಂಚೋಳಿಯ ಗುಡ್ಡದ ಕಡೆ ಒಂದು ಸಿನಿಮಾದ ಶೂಟಿಂಗ್ ನಡೆಯಿತು. ಬೆಂಗಳೂರಿನಿಂದ ಬಂದವರಿಗೆ ನಮ್ಮ ಭಾಷೆ ಬರೆಯಲು ಬರುತ್ತಿರಲಿಲ್ಲ. ಯಾರೋ ಮುನ್ಶಿಯವರ ಹೆಸರು ಹೇಳಿದರು. ಇವರು ಕೋರ್ಟು ಬಿಟ್ಟು ಒಂದು ತಿಂಗಳಿಗೂ ಹೆಚ್ಚು ಪ್ರವಾಸಿ ಬಂಗಲೆಯಲ್ಲಿ ಕುಳಿತು ಒಂದೊಂದು ಮಾತನ್ನೂ ನಮ್ಮ ಬಾಯಿಗೆ ಹೊಂದಿಸಿ ಕೊಟ್ಟರು. ಮಾತಷ್ಟೇ ಅಲ್ಲ, ಎರಡು ದೃಶ್ಯ ಸರಿ ಇಲ್ಲವೆಂದು ಪೂರ್ತಿ ಬದಲಿಸಿದರು. ಎಲ್ಲವನ್ನೂ ಬಾಯಲ್ಲಿ ಹೇಳಿದರು. ನಿರ್ದೇಶಕನ ಸಹಾಯಕ ಬರೆದುಕೊಂಡ.

ಸಿನಿಮಾ ಶಹಾಬಾದಿನ ಟಾಕೀಸಿಗೆ ಬಂದಾಗ ಹೊಸದಾಗಿ ಮದುವೆಯಾಗಿದ್ದ ಹೆಂಡತಿಯನ್ನು ಕರೆದುಕೊಂಡು ಹೋದರು. ಬೀಗರಲ್ಲೆಲ್ಲ ಹೇಳಿಯಾಗಿತ್ತು. ಹೆಸರುಗಳು ಬಂದವು. ಇವರದು ಬರಲಿಲ್ಲ. ಕೊನೆಯಲ್ಲಿರಬಹುದೆಂದು ಜನ ಎದ್ದು ಹೋಗುವಾಗಲೂ ಕುಳಿತರು. ಕೃತಜ್ಞತೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ, ಚಿಂಚೋಳಿಯ ಗ್ರಾಮಸ್ಥರಿಗೆ ಎಂದು ಬಂತು.

"ನಾ ಚಿಂಚೋಳಿಯವನೂ ಅಲ್ಲ" ಎಂದು ಇದನ್ನು ಹೇಳುವಾಗ ಪ್ರತಿ ಸಲವೂ ಅನ್ನುತ್ತಿದ್ದರಂತೆ.

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದರು, ನಿಮ್ಮ ಹೆಸರು ಬಂತೇನು? "ಬಂತಲ್ಲ, ನೀ ಕಣ್ಣು ಮಿಟುಕಿಸಿದಿ" ಎಂದುಬಿಟ್ಟರು. ಆಕೆ ಹೌದೇನೋ ಎಂದು ಒಪ್ಪಿಕೊಂಡರು. ಮುಂದೆ ಮೂವತ್ತು ವರ್ಷ ಆ ಹೆಂಗಸು, ಗಂಡನ ಹೆಸರು ಬಂದ ಗಳಿಗೆಯಲ್ಲಿ ಕಣ್ಣು ಮಿಟುಕಿಸಿದೆ ಎಂದು ಬಂದವರ ಮುಂದೆಲ್ಲ ಹಳಹಳಿಸುತ್ತಿದ್ದರು. ಇವರು ಪಕ್ಕದಲ್ಲಿ ಸುಮ್ಮನೆ ಕೂಡುತ್ತಿದ್ದರು.

ಆಮೇಲೆ ಅವರು ಬರಹಗಾರರ ಸಂಘಕ್ಕೆ ಅರ್ಜಿ ಹಾಕಿದ್ದರು. ನೀವು ಬರೆದ ಪ್ರತಿ ಕಳಿಸಿ ಎಂದು ಉತ್ತರ ಬಂತು. ಪ್ರತಿ ಎಲ್ಲಿಂದ ಬರಬೇಕು? ಊರವರ ಮನೆಯ ಒಂದು ಗೋಡೆಯ ತಕರಾರಿಗೂ ನಾಲ್ಕು ಹಾಳೆ ಬರೆಯುವ ಮುನ್ಶಿ, ತನ್ನ ಕೆಲಸಕ್ಕೆ ಒಂದು ಚೀಟಿ ಬರೆದುಕೊಂಡಿರಲಿಲ್ಲ. ಕೋರ್ಟಿನ ಮುಂದೆ ಬಹಳ ದಿನ ಇದೇ ನಗೆಯ ಮಾತಾಗಿತ್ತಂತೆ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅವರನ್ನು ನಂಬಲಿಲ್ಲ. ಈಗ ನನ್ನ ಪಾಲಿಗೆ ಬರುತ್ತೇನೆ.

ಭಾಗ್ಯಾ ಕೆಲಸದ ನಡುವೆ ಬಿಡುವಾದಾಗ ಏನೋ ಬರೆಯುತ್ತಿದ್ದಳು. ಕೇಳಿದರೆ ಸಿನಿಮಾ ಎಂದಳು. ಒಂದು ಮದುವೆಯ ದಿಬ್ಬಣ ವಾಡಿ ಜಂಕ್ಷನ್ನಿನಲ್ಲಿ ಗಡಿಬಿಡಿಯಲ್ಲಿ ಎರಡು ರೈಲಿಗೆ ಹಂಚಿಹೋಗುತ್ತದೆ. ಮದುಮಗಳು, ಆಕೆಯ ಸೋದರತ್ತೆ ಸೇಡಂ ಕಡೆಗೆ. ಮದುಮಗ, ಭಟ್ಟರು, ಅಡುಗೆಯವರು ರಾಯಚೂರು ಕಡೆಗೆ. ಒಂದು ದಿನದ ಕಥೆ. ನಮ್ಮ ಮನೆಯ ಹೆಂಗಸರು ಮಾತಾಡುವುದನ್ನೆಲ್ಲ ಅದರೊಳಗೆ ತಂದಿದ್ದಳು. ನನ್ನ ಹೆಂಡತಿ ಕೇಳಿ, "ಅಯ್ಯ, ಇದು ನಂದೇ ಬಾಯಿ" ಎಂದಳು.

ಮುನ್ಶಿಯವರಿಗೆ ತೋರಿಸಿದಳಂತೆ. ಅವರು ಮೂರು ದಿನ ಕುಳಿತು ಓದಿದರು. ನಾಲ್ಕನೇ ದಿನ, "ತಾರೀಖ್ ಎಲ್ಲಿ ಅದ?" ಎಂದರು. ಅಲ್ಲಿಂದ ಅವರ ಹುಚ್ಚು ಶುರುವಾಯಿತು. ಮೊದಲು ಶಾಯಿಯಲ್ಲಿ ಕೈಯಿಂದ ಬರೆಯಬೇಕು, ಆಮೇಲೆ ಟೈಪು. ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು. ಪ್ರತಿ ಪುಟದ ಕೆಳಗೆ ಅವರ ಇರುವೆ ಸಾಲು ಬೀಳಬೇಕು. ಬರೆದದ್ದೆಲ್ಲ ಅವಳ ಹತ್ತಿರವೇ ಇರಬಾರದು, ಅಸಲು ಒಂದು ಕಡೆ, ನಕಲು ಒಂದು ಕಡೆ. ಅಸಲು ಎಲ್ಲಿ? ಮುನ್ಶಿಯವರ ಪೆಟ್ಟಿಗೆಯಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿ.

ನೀವೇ ಹೇಳಿ. ಒಮ್ಮೆ ಸಿನಿಮಾದವರಿಂದ ಹೊಡೆತ ತಿಂದ ಮನುಷ್ಯ, ಒಂದು ಹುಡುಗಿ ಬರೆದ ಪುಟಪುಟಕ್ಕೂ ಯಾರೂ ಓದಲಾರದ ಅಕ್ಷರದಲ್ಲಿ ಏನೋ ಬರೆದು, ತನ್ನ ಸಹಿ ಹಾಕಿ, ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಏನೆಂದು ತಿಳಿಯಬೇಕು? ಊರಲ್ಲಿ ಅವರ ಬಗ್ಗೆ ಬೇರೆ ಮಾತೂ ಇತ್ತು. ಜಗಳವಾಡುವ ಅಣ್ಣನ ಅರ್ಜಿಯನ್ನೂ ತಮ್ಮನ ಅರ್ಜಿಯನ್ನೂ ಒಂದೇ ದಿನ ಬರೆದುಕೊಟ್ಟವರೆಂದು. ನಾನು ಭಾಗ್ಯಾಳಿಗೆ ಹೇಳಿದೆ. ಅವಳು ನಕ್ಕಳು. ನಾನೇ ಚಿತ್ತಾಪುರಕ್ಕೆ ಹೋದೆ.

ಮುನ್ಶಿಯವರು ನನ್ನನ್ನು ನೋಡಿದ ಕೂಡಲೇ ಮೇಜಿನ ಮೇಲಿದ್ದ ಕಾಗದ ಬೋರಲು ಹಾಕಿದರು. ಕುಂದ್ರಿ ಎಂದರು. ಚಹಾ ತರಿಸಿದರು. ಸುತ್ತಿ ಬಳಸದೆ ಕೇಳಿದೆ, ನಮ್ಮ ಹುಡುಗಿಯ ಕಾಗದ ನಿಮ್ಮ ಹತ್ತಿರ ಯಾಕೆ?

"ನನ್ನ ಮ್ಯಾಲ ಶಕ್ ಬಂದದೇನ್ರಿ ಯಜಮಾನ್ರ?"

"ಬಂದದ್ರಿ" ಎಂದೆ.

"ಭಾಳ ಛಲೋ ಆತು" ಎಂದರು. ಮುಖದಲ್ಲಿ ಖರೇ ಸಂತೋಷ ಕಂಡಿತು. "ಆಕಿ ಎಲ್ಲಾರಿಗೂ ನಂಬತಾಳ. ಆಕಿ ಹಿಂದ ಶಕ್ ಮಾಡೋರು ಒಬ್ಬರಾದ್ರೂ ಬೇಕಿತ್ತು. ಮಾಡ್ರಿ, ಬಿಡಬ್ಯಾಡ್ರಿ."

ಕಳ್ಳನೂ ಹೀಗೆಯೇ ಮಾತಾಡುತ್ತಾನೆ ಎಂದುಕೊಂಡೆ. ಆಮೇಲೆ ಅವರು ನನ್ನ ಕೆಲಸದ ಬಗ್ಗೆ ಕೇಳಿದರು. ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ಮೂವತ್ತೆಂಟು ವರ್ಷ ಕಲ್ಲು ಕಡಿದವನು ನಾನು ಎಂದೆ. ನೂರು ಮಂದಿ ಕಡಿದ ಹಾಸುಗಲ್ಲು ಒಂದೇ ಕಡೆ ಬಿದ್ದಿರುತ್ತವಲ್ಲ, ನಿಮ್ಮದು ಯಾವುದೆಂದು ಹೇಗೆ ತಿಳಿಯುತ್ತದೆ ಎಂದರು. ನಮ್ಮಲ್ಲಿ ಪ್ರತಿಯೊಬ್ಬನಿಗೂ ಒಂದು ಗುರುತು ಇರುತ್ತದೆ, ಕಲ್ಲಿನ ಅಂಚಿಗೆ ಕೆಂಪು ಕಾವಿಯಲ್ಲಿ ಹಾಕುತ್ತೇವೆ, ಒಬ್ಬನ ಗುರುತನ್ನು ಇನ್ನೊಬ್ಬ ಸಾಯುವ ತನಕ ಮುಟ್ಟುವುದಿಲ್ಲ ಎಂದೆ. ಬಸಿಯಲ್ಲಿ ಚೆಲ್ಲಿದ್ದ ಚಹಾದಲ್ಲಿ ಬೆರಳು ಅದ್ದಿ ಮೇಜಿನ ಮೇಲೆ ನನ್ನದನ್ನು ಬರೆದು ತೋರಿಸಿದೆ. ನಿಂತ ಗೆರೆ ಒಂದು, ಅದರ ಆ ಕಡೆ ಒಂದು ಚುಕ್ಕಿ, ಈ ಕಡೆ ಒಂದು ಚುಕ್ಕಿ.

ಅವರು ಒಂದು ಗಳಿಗೆ ನೋಡಿ, ಕರವಸ್ತ್ರದಿಂದ ಗಬಕ್ಕನೆ ಒರೆಸಿಬಿಟ್ಟರು. "ಗುರುತು ಹಿಂಗ ಎಲ್ಲಿ ಬೇಕಲ್ಲಿ ಬಿಟ್ಟು ಹೋಗಬಾರ್ದು" ಎಂದರು.

ನನ್ನ ಸಂಶಯ ಕಮ್ಮಿಯಾಗಲಿಲ್ಲ, ಇಮ್ಮಡಿಯಾಯಿತು. ಸ್ವಲ್ಪ ದಿನಕ್ಕೆ ಭಾಗ್ಯಾ ಫೋನಿನಲ್ಲಿ ಫೋಟೋ ಹಿಡಿಯಲು ಆ ಕೆಂಪು ಕಟ್ಟನ್ನು ಮನೆಗೆ ತಂದಳು. ಮರುದಿನ ವಾಪಸು ಕೊಡಬೇಕಿತ್ತು. ಅವಳು ತಲೆ ತೊಳೆದುಕೊಳ್ಳಲು ಹೋದಾಗ ನಾನು ಬಡಿಗನ ಕೆಂಪು ಪೆನ್ಸಿಲು ತೆಗೆದುಕೊಂಡು ಕುಳಿತೆ. ತೊಂಬತ್ತಾರು ಪುಟ. ಪ್ರತಿ ಪುಟದ ಬಲಮೂಲೆಗೆ ಗೆರೆ, ಚುಕ್ಕಿ, ಚುಕ್ಕಿ. ಇನ್ನು ಈ ಕಲ್ಲು ನಮ್ಮ ಮನೆಯದು, ಯಾವ ಮುನ್ಶಿ ಒಯ್ಯುತ್ತಾನೋ ನೋಡೋಣ ಎಂದು ಸಮಾಧಾನವಾಯಿತು. ಭಾಗ್ಯಾ ಗುರುತು ನೋಡಿದಳು. ಮುನ್ಶಿಯವರದೇ ಇನ್ನೊಂದು ಹೊಸ ಪದ್ಧತಿ ಎಂದುಕೊಂಡು ಫೋಟೋ ಹಿಡಿದಳು. ನಾನು ಬಾಯಿ ಬಿಡಲಿಲ್ಲ.

ಆ ವರ್ಷವೇ ಸೇಡಂ ಸ್ಟೇಷನ್ನಿಗೆ ಜಾಗ ನೋಡಲು ಒಂದು ಸಿನಿಮಾ ಕಂಪನಿಯವರು ಬಂದರು. ಭಾಗ್ಯಾ ಟೈಪು ಮಾಡಿದ ಪ್ರತಿ ಕೊಟ್ಟಳು. ಅವರಿಗೆ ಹಿಡಿಸಿತು. ಕೊಡುವ ಮೊದಲು ಮುನ್ಶಿಯವರು ಅವಳನ್ನು ಬರಹಗಾರರ ಸಂಘಕ್ಕೆ ಸೇರಿಸಿದ್ದರು. ಅದರ ನಿಯಮಗಳನ್ನು ತರಿಸಿ, ವಾಕ್ಯಕ್ಕೆ ವಾಕ್ಯ ಓದಿಸಿ, ಅವುಗಳ ಖಾಲಿ ಜಾಗಕ್ಕೂ ಗೀಟು ಎಳೆದಿದ್ದರು. ಶೂಟಿಂಗ್ ಶುರುವಾಗುವ ಮುಂಚೆ, ಮಳೆಗಾಲದಲ್ಲಿ, ನಾಲ್ಕು ದಿನದ ಜ್ವರದಲ್ಲಿ ಅವರು ತೀರಿಕೊಂಡರು. ಆಸ್ಪತ್ರೆಯ ಕಾಗದಕ್ಕೆ ಸಹಿ ಮಾಡುವ ಮೊದಲು ಪೂರ್ತಿ ಓದಬೇಕೆಂದು ಹಟ ಮಾಡಿ ಡಾಕ್ಟರನ್ನು ನಿಲ್ಲಿಸಿದ್ದರಂತೆ. ಮಣ್ಣಿಗೆ ನಾನೂ ಹೋಗಿದ್ದೆ. ಮನುಷ್ಯ ಹೋದ, ಇನ್ನು ಕಾಗದದ ಹೆದರಿಕೆ ಇಲ್ಲ ಎಂಬ ಒಂದು ಕೆಟ್ಟ ವಿಚಾರವೂ ನನ್ನ ತಲೆಯಲ್ಲಿ ಬಂದು ಹೋಯಿತು. ಸುಳ್ಳು ಯಾಕೆ ಹೇಳಲಿ?

ಸಿನಿಮಾ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಬರುವ ಹೆಸರುಗಳ ಪಟ್ಟಿ ಕಂಪನಿಯಿಂದ ಬಂತು. ಕಥೆ, ಚಿತ್ರಕಥೆ, ಸಂಭಾಷಣೆ ಮೂರಕ್ಕೂ ಅವರ ಸಹ ನಿರ್ದೇಶಕನ ಹೆಸರು. ನಮ್ಮ ಹುಡುಗಿಯ ಹೆಸರು ಕೃತಜ್ಞತೆಯಲ್ಲಿ, ರೈಲ್ವೆಯವರ ಕೆಳಗೆ, ಊಟ ಕೊಟ್ಟವರ ಮೇಲೆ.

ಭಾಗ್ಯಾ ಒಂದು ದಿನ ಉಣ್ಣಲಿಲ್ಲ. ಎರಡನೇ ದಿನ ನಿಯಮಗಳನ್ನು ತೆಗೆದಳು. ಕೈಬರಹದ ಪುಟಗಳ ಫೋಟೋ ಹಚ್ಚಿ ಸಂಘಕ್ಕೆ ತಕರಾರು ಬರೆದಳು. ಪುಟದ ಕೆಳಗೆ ಎಷ್ಟು ಸಾಲು, ಎಷ್ಟು ತಿದ್ದಿದ್ದು ಎಂದು ಅವಳೂ ಬರೆದಳು.

ಆಗ ಅವಳು ನನಗೆ ಈ ಹೆಸರು ಹಾಕುವ ನ್ಯಾಯ ಹೇಗೆ ನಡೆಯುತ್ತದೆ ಎಂದು ತಿಳಿಸಿದಳು. ನಾನು ಅದನ್ನು ಕಲ್ಲಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಕಥೆ ಯಾರದೆಂದರೆ, ನೆಲದ ಕೆಳಗೆ ಇಂಥಲ್ಲಿ ಒಳ್ಳೆಯ ಪದರು ಇದೆ ಎಂದು ಮೊದಲು ಕಂಡವನದು. ಚಿತ್ರಕಥೆ, ಅದನ್ನು ಅಳತೆಗೆ ಕಡಿದು ಯಾವುದರ ಪಕ್ಕ ಯಾವುದು ಎಂದು ಹಾಸಿದವನದು. ಸಂಭಾಷಣೆ, ಕಾಲಿಟ್ಟವನಿಗೆ ತಂಪು ತಾಗುವಂತೆ ಉಜ್ಜಿದವನದು. ತಕರಾರು ಬಂದರೆ ಸಂಘ ಮೂವರು ಹಳೆಯ ಬರಹಗಾರರನ್ನು ಓದಲು ಕೂಡಿಸುತ್ತದೆ. ಅವರು ಯಾರೆಂದು ನಮಗೆ ಹೇಳುವುದಿಲ್ಲ, ನಾವು ಯಾರೆಂದು ಅವರಿಗೆ ಹೇಳುವುದಿಲ್ಲ. ಎರಡೂ ಕಡೆಯ ಪ್ರತಿಗಳ ಮೇಲಿನ ಹೆಸರು ಮುಚ್ಚಿ ಅ, ಬ ಎಂದಷ್ಟೇ ಕೊಡುತ್ತಾರೆ. ಅವರು ದೃಶ್ಯಕ್ಕೆ ದೃಶ್ಯ ಹಚ್ಚಿ ನೋಡುತ್ತಾರೆ. ಮೊದಲು ಬರೆದವರಿಗೆ ತೂಕ ಹೆಚ್ಚು. ಆಮೇಲೆ ಬಂದವನು ಮದುಮಗಳ ಹೆಸರು ಬದಲಿಸಿ ಒಂದು ಹೊಡೆದಾಟ ಸೇರಿಸಿದರೆ ಚಿತ್ರಕಥೆ ಅವನದಾಗುವುದಿಲ್ಲ. ಆ ಸಹ ನಿರ್ದೇಶಕ ಮಾಡಿದ್ದು ಅಷ್ಟೇ. ವಾಡಿಯ ಪ್ಲಾಟ್‌ಫಾರಂ ಮೇಲೆ ನಾಲ್ಕು ಮಂದಿಯನ್ನು ಬಡಿದಾಡಿಸಿದ್ದ.

ಮುಖ ನೋಡದೆ ನ್ಯಾಯ ಹೇಳುವ ಮೂವರನ್ನು ನಾನು ಮೊದಲು ನಂಬಲಿಲ್ಲ. ಆಮೇಲೆ, ಖಣಿಯಲ್ಲಿ ನಾವೂ ಕಲ್ಲನ್ನೇ ನೋಡಿ ಇದು ಯಾರ ಉಳಿಯ ಪೆಟ್ಟು ಎಂದು ಹೇಳುತ್ತಿದ್ದೆವಲ್ಲ ಎಂದು ನೆನಪಾಯಿತು.

ಎರಡು ವಾರಕ್ಕೆ ಸಂಘದಿಂದ ಪ್ರಶ್ನೆ ಬಂತು. ಭಾಗ್ಯಾ ಅಂಗಳದಲ್ಲಿ ನಿಂತು ಓದಿದಳು. ಅ ಪ್ರತಿಯ, ಅಂದರೆ ನಮ್ಮದರ, ಫೋಟೋಗಳಲ್ಲಿ ಎರಡು ಕೈಬರಹಗಳಿವೆ, ಜೊತೆಗೆ ಪ್ರತಿ ಪುಟದ ಬಲಮೂಲೆಯಲ್ಲಿ ಕೆಂಪು ಗುರುತು ಇದೆ, ಇದು ಮೂರನೆಯ ಲೇಖಕರ ಗುರುತೇ? ಕಂಪನಿಯವರು ಆ ಗುರುತನ್ನೇ ಹಿಡಿದುಕೊಂಡಿದ್ದರು. ಈ ಬರಹ ಬೇರೆ ಯಾರದೋ, ಹುಡುಗಿ ಎಲ್ಲಿಂದಲೋ ತಂದದ್ದು ಎಂದು ಬರೆದಿದ್ದರು. ಅಸಲು ಪ್ರತಿ ಮತ್ತು ಗುರುತಿನ ವಿವರ ಹತ್ತು ದಿನದಲ್ಲಿ ಬರಬೇಕು, ಬರದಿದ್ದರೆ ಕಂಪನಿಯ ಪಟ್ಟಿಯೇ ಗಟ್ಟಿ.

"ಮುನ್ಶಿಯವರ ಗುರುತು ಇದು, ಈಗ ಅವರಿಗೆ ಎಲ್ಲಿಂದ ಕರಕೊಂಡು ಬರ್ಲಿ?" ಎಂದು ಭಾಗ್ಯಾ ಕಟ್ಟೆಯ ಮೇಲೆ ಕುಳಿತಳು.

ನಂದು ಎಂದೆ. ಅವಳಿಗೆ ತಿಳಿಯಲಿಲ್ಲ. ಆ ಗುರುತು ನಂದು, ನಾನೇ ಹಾಕಿದ್ದು ಎಂದೆ. ಮುನ್ಶಿ ಕದಿಯುತ್ತಾನೆಂದು ಹಾಕಿದೆ ಎಂದೂ ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನನ್ನ ಮಗ, ಅವಳ ಅಪ್ಪ, ಒಂದೇ ಮಾತು ಅಂದ: "ಕಳ್ಳರ ಸಲುವಾಗಿ ಹಾಕಿದ ಕೀಲಿ, ಮನಿಯವರಿಗೇ ಬಿತ್ತು ನೋಡಪ್ಪ."

ಅಸಲು ಕಟ್ಟು ಎಲ್ಲಿದೆ? ಮುನ್ಶಿಯವರ ಸಾಮಾನೆಲ್ಲ ಸೇಡಂನಲ್ಲಿದ್ದ ಅವರ ಮಗಳ ಮನೆಗೆ ಹೋಗಿತ್ತು. ಮರುದಿನವೇ ನಾನೂ ಭಾಗ್ಯಾಳೂ ರೈಲು ಹತ್ತಿದೆವು. ದಾರಿಯುದ್ದಕ್ಕೂ ಒಂದೇ ಯೋಚನೆ. ಸತ್ತ ತಂದೆಯನ್ನು ಕಳ್ಳನೆಂದು ತಿಳಿದ ಮುದುಕನಿಗೆ ಮಗಳು ಯಾಕೆ ಕಟ್ಟು ಕೊಡುತ್ತಾಳೆ?

ಆಕೆ ಬಟ್ಟೆ ಹೊಲಿಯುವವರು. ಬಾಗಿಲು ಅರ್ಧ ತೆರೆದು, ಯಾರೆಂದು ಕೇಳಿ, ಮತ್ತೊಮ್ಮೆ ಕೇಳಿ ಒಳಗೆ ಬಿಟ್ಟರು. ತಂದೆಯ ಮಗಳೇ. ಭಾಗ್ಯಾ ವಿಷಯ ಹೇಳಿದಳು. ಆಕೆ ಎದ್ದು ಹೋಗಿ ಒಂದು ಬಿಳಿ ಹಾಳೆ, ಹೊಲಿಗೆಯ ಕೆಂಪು ಪೆನ್ಸಿಲು ತಂದು ನನ್ನ ಮುಂದೆ ಇಟ್ಟರು.

"ಕಾಕಾ, ನಿಮ್ಮ ಗುರುತು ಹಾಕಿ ತೋರಸ್ರಿ."

"ಯಾಕವ್ವ?"

"ನಮ್ಮಪ್ಪ ಹೇಳಿ ಹೋಗ್ಯಾರ. ಆ ಕಟ್ಟು ಕೇಳ್ಲಿಕ್ಕೆ ಯಾರೇ ಬರ್ಲಿ, ಮೊದಲ ಗುರುತು ಹಾಕಸು, ಕೂಡಿದ್ರ ಕೊಡು. ಕೂಡಲಿಲ್ಲಂದ್ರ ಚಹಾ ಕೊಟ್ಟು ಕಳಸು ಅಂತ."

ಅಂದರೆ ಮುನ್ಶಿಯವರಿಗೆ ಗೊತ್ತಿತ್ತು. ಮರುದಿನ ಕಟ್ಟು ಬಿಚ್ಚಿದಾಗಲೇ ಗೊತ್ತಾಗಿತ್ತು. ಚಹಾದಲ್ಲಿ ಬರೆದು ತೋರಿಸಿದವನು ನಾನೇ ಅಲ್ಲವೇ? ಗೆರೆ ಎಳೆದೆ, ಚುಕ್ಕಿ ಇಟ್ಟೆ, ಚುಕ್ಕಿ ಇಟ್ಟೆ. ಆಕೆ ಹಾಳೆಯನ್ನು ಒಳಗೆ ಒಯ್ದು ಏನಕ್ಕೋ ಹೋಲಿಸಿ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಕಡಿದ ಕಲ್ಲನ್ನು ಯಾರೂ ಅಷ್ಟು ಹೊತ್ತು ನೋಡಿದ್ದಿಲ್ಲ. ಆಮೇಲೆ ಕೆಂಪು ಕಟ್ಟು ತಂದು ಭಾಗ್ಯಾಳ ತೊಡೆಯ ಮೇಲೆ ಇಟ್ಟರು.

ಕೊನೆಯ ಪುಟದ ಹಿಂದೆ ಇರುವೆ ಸಾಲು ಇತ್ತು. ಭಾಗ್ಯಾ ಓದಿದಳು, ನಾನು ಕೇಳಿದೆ. ಅದನ್ನು ಇದ್ದ ಹಾಗೆ ಬರೆಯುತ್ತೇನೆ:

"ಈ ಕಟ್ಟಿನಲ್ಲಿ ತೊಂಬತ್ತಾರು ಪುಟ. ಕಥೆ, ದೃಶ್ಯ, ಮಾತು ಎಲ್ಲವೂ ಬರೆದವಳದೇ. ಹನ್ನೊಂದು ಸಾಲು ಮಾತ್ರ ನನ್ನದು, ಆಯಾ ಪುಟದ ಕೆಳಗೆ ನಮೂದಿಸಿದ್ದೇನೆ. ಬಲಮೂಲೆಯ ಕೆಂಪು ಗುರುತು ಬರೆದವಳ ಅಜ್ಜನದು. ನನ್ನ ಮೇಲಿನ ಸಂಶಯದಿಂದ ನಾನಿಲ್ಲದಾಗ ಹಾಕಿದ್ದು. ಸಂಶಯ ಯೋಗ್ಯವಾದದ್ದು. ಇವರನ್ನು ಸಾಕ್ಷಿ ಎಂದು ಎಣಿಸತಕ್ಕದ್ದು."

ಕೆಳಗೆ ತಾರೀಖು, ಸಹಿ. ಸಹಿಯ ಕೆಳಗೆ ಉಳಿದ ಬಿಳಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಗೀಟು.

ಭಾಗ್ಯಾ ಪುಟಗಳ ಕೆಳಗಿನ ಸಾಲುಗಳನ್ನೂ ಓದಿ ಹೇಳಿದಳು. ಇಪ್ಪತ್ತಾರು ಸಾಲು, ಎಲ್ಲ ಈಕೆಯವು. ಇಪ್ಪತ್ತೆಂಟು ಸಾಲು, ಒಂದು ನನ್ನದು, ಉಳಿದವು ಈಕೆಯವು. ನಾನು ಯಾವುದನ್ನು ಕಳ್ಳನ ಸಹಿ ಎಂದು ತಿಳಿದಿದ್ದೆನೋ ಅದು ಪುಟಪುಟಕ್ಕೂ ನನ್ನ ಮೊಮ್ಮಗಳ ಹೆಸರು ಕಾದು ಕುಳಿತಿತ್ತು. ಅಲ್ಲಿಯೇ ಆ ಹೆಣ್ಣುಮಗಳ ಮುಂದೆ ಕೈ ಮುಗಿದು, ನಿಮ್ಮ ಅಪ್ಪನ ಮೇಲೆ ಸಂಶಯ ಪಟ್ಟೆ, ತಪ್ಪಾಯಿತು ಎಂದೆ.

"ಅವರಿಗೆ ಹಂಗ ಅಂದಿದ್ರ ಸಿಟ್ಟಾಗತಿದ್ರು ಕಾಕಾ" ಎಂದರು ಆಕೆ. "ಶಕ್ ಮಾಡೋದು ಈಗ ಯಾಕ ಬಿ‌ಟ್ರಿ ಅಂತಿದ್ರು."

ಅಸಲು ಕಟ್ಟು ಬೆಂಗಳೂರಿಗೆ ಹೋಯಿತು. ನಾನೇ ಭಾಗ್ಯಾಳ ಜೊತೆ ಹೋಗಿ ಕೊಟ್ಟು ಬಂದೆ, ಅಂಚೆಯನ್ನು ನಂಬಲಿಲ್ಲ. ಇವತ್ತು ಬೆಳಗ್ಗೆ ತೀರ್ಪು ಬಂತು. ಅ ಪ್ರತಿಯೇ ಮೊದಲಿನದು, ಅದರಲ್ಲಿಯ ಎರಡನೆಯ ಕೈಬರಹ ಮತ್ತು ಗುರುತು ಸಾಕ್ಷಿಯವು, ಬ ಪ್ರತಿಯ ಬದಲಾವಣೆಗಳು ಹೆಸರಿಗೆ ಸಾಲುವುದಿಲ್ಲ. ಮೂರಕ್ಕೂ ಒಂದೇ ಹೆಸರು.

ಭಾಗ್ಯಾ ಇನ್ನೊಂದು ಕೇಳಿದ್ದಳು, ಹನ್ನೊಂದು ಸಾಲಿನ ಮುನ್ಶಿಯವರ ಹೆಸರು. ಸಂಘದ ಅಳತೆಯಲ್ಲಿ ಹನ್ನೊಂದು ಸಾಲಿಗೆ ಸಂಭಾಷಣೆಯ ಹೆಸರು ಕೊಡುವುದಿಲ್ಲ. ಆದರೆ ಮೂಲ ಲೇಖಕಿ ಒಪ್ಪಿ ಬರೆದುಕೊಟ್ಟದ್ದರಿಂದ ಹೆಚ್ಚುವರಿ ಸಂಭಾಷಣೆ ಎಂದು ಬೇರೆ ಸಾಲಿನಲ್ಲಿ ಹಾಕಲು ಒಪ್ಪಿದ್ದಾರೆ. ಕೃತಜ್ಞತೆಯ ಪಟ್ಟಿಯಲ್ಲಲ್ಲ, ಮೊದಲಿನಲ್ಲಿ, ಅವಳ ಹೆಸರಿನ ಕೆಳಗೆ, ಒಬ್ಬರದೇ. ತಮ್ಮದು ಹನ್ನೊಂದು ಎಂದು ಮುನ್ಶಿಯವರೇ ಓದಿ ಸಹಿ ಮಾಡಿದ್ದಾರೆ, ಆದ್ದರಿಂದ ಆ ಕಾಗದದ ಮೇಲೆ ಅವರ ಹೆಸರು ಇರಬಹುದು. ಸಿನಿಮಾ ಬರುವ ತನಕ ನಾನು ನಂಬುವುದಿಲ್ಲ. ಪರದೆಯ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದ್ದೇನೆ. ನಾಲ್ಕು ಎಣಿಸುವಷ್ಟು ಎಂದಳು.

ಸಂಜೆಯ ಗಾಡಿಗೆ ಮುನ್ಶಿಯವರ ಮಗಳು ಸೇಡಂನಿಂದ ಬಂದರು, ನಾವೇ ಕರೆದಿದ್ದೆವು. ನನ್ನ ಹೆಂಡತಿ ತೊಗರಿಬೇಳೆ ಹೋಳಿಗೆ ಮಾಡಿದ್ದಳು, ಸೊಸೆ ರೊಟ್ಟಿ ಬಡಿದು ಪುಂಡಿಪಲ್ಯ ಮಾಡಿದ್ದಳು. ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತೆವು. ಆಕೆ ಕೂಡುವ ಮೊದಲು ಬಾಗಿಲ ಚಿಲಕ ನೋಡಿ ಬಂದರು, ನನ್ನ ಮಗ ನಕ್ಕ. ನಾನು ನಾಲ್ಕು ಎಣಿಸುವ ತನಕ ಕಣ್ಣು ಮಿಟುಕಿಸದೆ ಇರುವುದನ್ನು ಎಲ್ಲರೂ ರೂಢಿ ಮಾಡಿಕೊಳ್ಳಬೇಕು ಎಂದೆ. ಮಗ ಮೂರಕ್ಕೇ ಸೋತ. ಭಾಗ್ಯಾ, ಅವಳ ಅವ್ವ ನಾಲ್ಕು ದಾಟಿದರು. ಆಗ ಮುನ್ಶಿಯವರ ಹೆಂಡತಿಯ ಮಾತು ಬಂತು. ಪಾಪ, ಆ ಹೆಣ್ಣುಮಗಳು ಒಂದು ಸಲ ಮಿಟುಕಿಸಿ ಜೀವನಪೂರ್ತಿ ಹಳಹಳಿಸಿದಳಲ್ಲ ಎಂದಳು ನನ್ನ ಹೆಂಡತಿ.

ಮುನ್ಶಿಯವರ ಮಗಳು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟರು.

"ನಮ್ಮವ್ವ ಕಣ್ಣು ಮಿಟುಕಿಸಿದ್ದಿಲ್ಲ" ಎಂದರು. "ಸಾಯೋ ಮುಂದ ನನ್ನ ಮುಂದ ಅಂದಾಳ. ಮೊದಲಿಂದ ಕಡೀತನ ನೋಡೀನಿ, ಹೆಸರು ಬರಲಿಲ್ಲ. ಆದ್ರ ನಾ ಹೌದು ಅನ್ನದಿದ್ರ ಆ ಮನುಷ್ಯ ಅವತ್ತು ಊಟ ಮಾಡತಿದ್ದಿಲ್ಲ ಅಂತ."

"ಮತ್ತ ಉಂಡರೇನು?" ಎಂದಳು ನನ್ನ ಹೆಂಡತಿ.

"ಎರಡು ರೊಟ್ಟಿ ಉಂಡರಂತ."

ಬಸಿಯ ಕೆಳಗೆ ನೋಡದೆ ಚಹಾ ಕುಡಿಯದ ಮನುಷ್ಯ, ಮೂವತ್ತು ವರ್ಷ ಹೆಂಡತಿ ಅಂದ ಆ ಒಂದು ಹೌದನ್ನು ಮಾತ್ರ ನಂಬಿದ್ದ. ಭಾಗ್ಯಾ ಆಕೆಯ ಹತ್ತಿರಕ್ಕೆ ಸರಿದು ಕುಳಿತಳು. ನನ್ನ ಹೆಂಡತಿ ಎದ್ದು ಹೋಳಿಗೆಯ ಬುಟ್ಟಿ ತಂದಳು. ಸಾಕು ಎಂದವರ ಮಾತು ಕೇಳದೆ, ಯಾರ ತಾಟಿನಲ್ಲಿ ಖಾಲಿ ಜಾಗ ಕಂಡರೂ ಅಲ್ಲೊಂದು ಹೋಳಿಗೆ ಹಾಕುತ್ತ ಹೋದಳು.